ಸ್ಪ್ರಿಂಕ್ಲರ್ ಟ್ಯಾಂಕಿಗೆ ಮತ್ತೆ ನೀರು ತುಂಬಿಸುವುದು ಹೇಗೆ: ಮೈಸೂರು, ಮಂಡ್ಯದಲ್ಲಿ ಕಟ್ಟಡ ನೋಡಿಕೊಳ್ಳುವವರಿಗೆ

ಮೊದಲು ಒಂದು ಲೆಕ್ಕ ನೋಡಿ. ನಿಮ್ಮ ಕಟ್ಟಡದ ಫೈರ್ ಟ್ಯಾಂಕ್, ಅಂದರೆ ಬೆಂಕಿ ಬಿದ್ದಾಗ ಸ್ಪ್ರಿಂಕ್ಲರಿಗೆ ನೀರು ಕೊಡುವ ಟ್ಯಾಂಕ್, 50,000 ಲೀಟರಿನದು ಅಂದುಕೊಳ್ಳಿ. ಮೇನ್ ಪಂಪ್ ನಿಮಿಷಕ್ಕೆ 2280 ಲೀಟರ್ ಕೊಡುವಂಥದ್ದು. ಪಂಪ್ ಪೂರ್ತಿ ಜೋರಿನಲ್ಲಿ ಓಡಿದರೆ ಅಷ್ಟೂ ನೀರು 22 ನಿಮಿಷಕ್ಕೆ ಮುಗಿಯುತ್ತದೆ. ಟ್ಯಾಂಕ್ ಅರ್ಧ ಮಾತ್ರ ಇದ್ದರೆ 11 ನಿಮಿಷ. ಮೈಸೂರಿನ ಸರಸ್ವತಿಪುರಂ ಠಾಣೆಯಿಂದ ಅಗ್ನಿಶಾಮಕ ಗಾಡಿ ಹೊರಟು, ಸಂಜೆಯ ಟ್ರಾಫಿಕ್‌ನಲ್ಲಿ ದಾರಿ ಮಾಡಿಕೊಂಡು ರಿಂಗ್ ರೋಡ್ ಆಚೆಗಿನ ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬಂದು ಹೋಸ್ ಬಿಚ್ಚುವಷ್ಟರಲ್ಲಿ ಆ 11 ನಿಮಿಷ ಕಳೆದೇ ಹೋಗಿರಬಹುದು.

ಹಾಗಾಗಿ ಟ್ಯಾಂಕ್ ತುಂಬಿಸುವುದನ್ನು ಮನೆಯ ಸಂಪ್‌ಗೆ ನೀರು ಬಿಟ್ಟಂತೆ ನೋಡಬೇಡಿ. ಸ್ಪ್ರಿಂಕ್ಲರ್, ಪಂಪ್, ಪೈಪು ಎಲ್ಲಕ್ಕೂ ಲಕ್ಷಗಟ್ಟಲೆ ಖರ್ಚು ಮಾಡಿರುತ್ತೀರಿ. ಟೆಸ್ಟಿಂಗ್ ಆದ ಮೇಲೆ, ಟ್ಯಾಂಕ್ ತೊಳೆದ ಮೇಲೆ, ಪೈಪ್ ರಿಪೇರಿ ಆದ ಮೇಲೆ ನೀರನ್ನು ವಾಪಸ್ ತುಂಬಿಸಿ, ವಾಲ್ವ್ ತೆರೆದು, ಪಂಪನ್ನು ಆಟೋಗೆ (ತಾನಾಗಿ ಸ್ಟಾರ್ಟ್ ಆಗುವ ಸ್ಥಿತಿಗೆ) ಹಾಕುವ ತನಕ ಅದೆಲ್ಲ ಇದ್ದೂ ಇಲ್ಲದ ಹಾಗೆ. ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆ ಆಗಲಿ, ಮಂಡ್ಯದ ಕಲ್ಯಾಣ ಮಂಟಪ ಆಗಲಿ, ನಾಲ್ಕು ಮಹಡಿಯ ಆಸ್ಪತ್ರೆ ಆಗಲಿ, ಕ್ರಮ ಒಂದೇ.

ಗೇಜ್ ನೋಡಿ ನಂಬಬೇಡಿ, ನೀರು ನೋಡಿ

ಪಂಪ್ ರೂಮಿಗೆ ಹೋಗಿ "ನೀರು ಇದೆಯಾ?" ಅಂತ ಕೇಳಿದರೆ ಹೆಚ್ಚಿನವರು ಪ್ರೆಷರ್ ಗೇಜ್ ಕಡೆ ಕೈ ತೋರಿಸುತ್ತಾರೆ. "7 ಕೆಜಿ ಇದೆ ಸಾರ್, ಎಲ್ಲ ಸರಿ ಇದೆ." ಆ 7 ಕೆಜಿ ಪೈಪಿನೊಳಗಿನ ಒತ್ತಡ ಅಷ್ಟೆ. ಪಂಪಿನ ಮುಂದೆ ಇರುವ ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಗಟ್ಟಿಯಾಗಿ ಕೂತಿದ್ದರೆ, ಟ್ಯಾಂಕ್ ಪೂರ್ತಿ ಒಣಗಿದ್ದರೂ ಗೇಜ್ ದಿನಗಟ್ಟಲೆ ಅದೇ 7 ತೋರಿಸುತ್ತಾ ಇರುತ್ತದೆ. ಬೆಂಕಿಯ ಬಿಸಿಗೆ ಒಂದು ಸ್ಪ್ರಿಂಕ್ಲರಿನ ಗಾಜಿನ ಬಲ್ಬ್ ಒಡೆದ ಕ್ಷಣ ಆ ಒತ್ತಡ ಸೊನ್ನೆಗೆ ಬೀಳುತ್ತದೆ, ಪಂಪ್ ಸ್ಟಾರ್ಟ್ ಆಗುತ್ತದೆ, ಎಳೆಯಲು ನೀರು ಇರುವುದಿಲ್ಲ.

ಟ್ಯಾಂಕಿನ ಪಕ್ಕದಲ್ಲಿ ನಿಲ್ಲಿಸಿರುವ ಪಾರದರ್ಶಕ ಟ್ಯೂಬು ಕೂಡ ಮೋಸ ಮಾಡುತ್ತದೆ. ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ನಾನು ನೋಡಿದ್ದು: ಟ್ಯೂಬಿನಲ್ಲಿ ನೀರು ಮುಕ್ಕಾಲಿಗಿಂತ ಮೇಲಿತ್ತು. ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆ ಮೊಣಕಾಲು ಮುಳುಗುವಷ್ಟೂ ನೀರಿಲ್ಲ. ಟ್ಯೂಬಿನ ಬುಡದ ಸಣ್ಣ ಕಾಕ್ ಯಾರೋ ತಿರುಗಿಸಿ ಮುಚ್ಚಿದ್ದರು. ಯಾವತ್ತೋ ಇದ್ದ ನೀರು ಟ್ಯೂಬಿನೊಳಗೆ ಹಾಗೇ ನಿಂತಿತ್ತು. ಟ್ಯೂಬಿನ ಒಳಗೋಡೆಗೆ ಹಸಿರು ಪಾಚಿ ಹಿಡಿದು, ನೀರಿನ ಗೆರೆ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಕಿತ್ತು. ಆ ವಾರ ಅಲ್ಲಿ ಮದುವೆ ಇತ್ತು, ಹಿಂದುಗಡೆ ಅಡುಗೆ ಮನೆಯಲ್ಲಿ ಸಾಲು ಸಾಲು ಸಿಲಿಂಡರ್.

ಆದ್ದರಿಂದ ವಾರಕ್ಕೊಮ್ಮೆಯಾದರೂ ಮುಚ್ಚಳ ತೆಗೆದು ನೋಡಿ. ಒಂದು ಅಲ್ಯೂಮಿನಿಯಂ ಪಟ್ಟಿ ಅಥವಾ ಪಿವಿಸಿ ಪೈಪ್ ತಗೊಂಡು ಅದರ ಮೇಲೆ 10 ಸೆಂಟಿಮೀಟರಿಗೆ ಒಂದರಂತೆ ಗೆರೆ ಹಾಕಿ ಮ್ಯಾನ್‌ಹೋಲ್ ಪಕ್ಕದಲ್ಲೇ ಕಟ್ಟಿಡಿ. ಇಳಿಬಿಟ್ಟು, ಎತ್ತಿ, ಒದ್ದೆಯಾದ ಗೆರೆ ಎಷ್ಟು ಅಂತ ಓದಿದರೆ ಮುಗಿಯಿತು. ಎಲೆಕ್ಟ್ರಾನಿಕ್ ಲೆವೆಲ್ ಇಂಡಿಕೇಟರ್ ಇದ್ದರೆ ಒಳ್ಳೆಯದೇ, ಆದರೆ ಕೋಲಿನ ಅಳತೆಗೂ ಅದರ ಅಳತೆಗೂ ತಾಳೆ ಆಗುತ್ತಿದೆಯಾ ಅಂತ ಆಗಾಗ ನೋಡಿ.

ನಿಮ್ಮ ಟ್ಯಾಂಕಿನ ಲೆಕ್ಕ ನಿಮಗೆ ಬಾಯಿಗೆ ಬರಬೇಕು

ಉದ್ದ, ಅಗಲ, ಎತ್ತರ ಮೀಟರಿನಲ್ಲಿ ಅಳೆದು ಗುಣಿಸಿ. ಒಂದು ಘನ ಮೀಟರ್ ಅಂದರೆ 1000 ಲೀಟರ್. ಟ್ಯಾಂಕ್ 5 ಮೀಟರ್ ಉದ್ದ, 4 ಮೀಟರ್ ಅಗಲ, ಓವರ್‌ಫ್ಲೋ ಪೈಪಿನ ತನಕ 2.5 ಮೀಟರ್ ನೀರು ನಿಂತರೆ 50,000 ಲೀಟರ್. ಇದೇ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 200 ಲೀಟರ್. ಈ "ಸೆಂಟಿಮೀಟರಿಗೆ ಇಷ್ಟು ಲೀಟರ್" ಅನ್ನುವ ಸಂಖ್ಯೆಯನ್ನು ಪಂಪ್ ರೂಮಿನ ಗೋಡೆ ಮೇಲೆ ಪೇಂಟ್‌ನಲ್ಲಿ ಬರೆಸಿಬಿಡಿ, ಮುಂದೆ ಎಲ್ಲದಕ್ಕೂ ಅದೇ ಬೇಕು.

ಆದರೆ 50,000 ಲೀಟರೂ ನಿಮ್ಮ ಕೈಗೆ ಸಿಗುವುದಿಲ್ಲ. ಪಂಪ್ ನೀರು ಎಳೆಯುವ ಬಾಯಿ ನೆಲದಿಂದ ಸ್ವಲ್ಪ ಮೇಲಿರುತ್ತದೆ. ಅದು 30 ಸೆಂಟಿಮೀಟರ್ ಮೇಲಿದ್ದರೆ ಕೆಳಗಿನ 6000 ಲೀಟರ್ ಬೆಂಕಿಗೆ ಉಪಯೋಗಕ್ಕಿಲ್ಲ. ಬಾಯಿಯ ಮೇಲೂ ಒಂದಿಷ್ಟು ನೀರು ಇರಲೇಬೇಕು, ಇಲ್ಲದಿದ್ದರೆ ಸುಳಿ ಎದ್ದು ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ತಳದಲ್ಲಿ ಹೂಳು ಕೂತಿದ್ದರೆ ಅದು ಆ ಬಾಯಿಗೆ ಇನ್ನೂ ಹತ್ತಿರ ಬಂದಿರುತ್ತದೆ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ಒಪ್ಪಿಗೆ ಪತ್ರ) ಡ್ರಾಯಿಂಗ್‌ನಲ್ಲಿ ಬರೆದಿರುವ ಕೆಪಾಸಿಟಿಯನ್ನು ಉಪಯೋಗಕ್ಕೆ ಬರುವ ನೀರಿಗೆ ಹೋಲಿಸಿ, ಟ್ಯಾಂಕಿನ ಗೋಡೆ ಎತ್ತರಕ್ಕಲ್ಲ.

ಇನ್ನು ತುಂಬುವ ವೇಗ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಭಾಗ 4 ಬೆಂಕಿ ಸುರಕ್ಷತೆಗೆ ಮೀಸಲಾದದ್ದು. ನೆಲದಡಿಯ ಫೈರ್ ಟ್ಯಾಂಕಿಗೆ ಊರ ನೀರಿನ ಲೈನಿನಿಂದಲೋ ಬೇರೆ ಮೂಲದಿಂದಲೋ ನಿಮಿಷಕ್ಕೆ 1000 ಲೀಟರ್ ಬರುವ ವ್ಯವಸ್ಥೆ ಇರಬೇಕು ಅಂತ ಅದು ಹೇಳುತ್ತದೆ. ಅಮೆರಿಕದಲ್ಲಿ ಬೆಂಕಿ ಸುರಕ್ಷತೆಯ ನಿಯಮ ಬರೆಯುವ ಎನ್‌ಎಫ್‌ಪಿಎ ಸಂಸ್ಥೆಯ ಎನ್‌ಎಫ್‌ಪಿಎ 22 ಅನ್ನುವ ಸ್ಟ್ಯಾಂಡರ್ಡ್ ಬೇರೆ ರೀತಿ ಹೇಳುತ್ತದೆ: ಖಾಲಿ ಟ್ಯಾಂಕ್ ಹೆಚ್ಚೆಂದರೆ 8 ಗಂಟೆಯೊಳಗೆ ತುಂಬಬೇಕು.

ನಿಮ್ಮ ಬೋರ್‌ವೆಲ್ ಇದರಲ್ಲಿ ಎಲ್ಲಿ ನಿಲ್ಲುತ್ತದೆ? 20 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡ್ ನೋಡಿ. 15 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 80 ಲೀಟರ್. 50,000 ಲೀಟರ್ ತುಂಬಲು ಹತ್ತೂವರೆ ಗಂಟೆ ಹತ್ತಿರ ಹತ್ತಿರ ಬೇಕು, ಅದೂ ಕರೆಂಟ್ ಒಂದು ಸಲವೂ ಹೋಗದೆ, ಬೋರು ಮಧ್ಯದಲ್ಲಿ ಸೋಲದೆ ಇದ್ದರೆ. 8 ಗಂಟೆಗೆ ತುಂಬಬೇಕಾದರೆ ನಿಮಿಷಕ್ಕೆ 104 ಲೀಟರ್ ಆದರೂ ಬರಬೇಕು. ಬಕೆಟ್ ಲೆಕ್ಕದ ಮೇಲೆ ಅನುಮಾನ ಇದ್ದರೆ ಕೋಲು ಇಳಿಸಿ ಅರ್ಧ ಗಂಟೆ ಅಂತರದಲ್ಲಿ ಎರಡು ಸಲ ಅಳೆಯಿರಿ. 12 ಸೆಂಟಿಮೀಟರ್ ಏರಿದ್ದರೆ 2400 ಲೀಟರ್, ಅಂದರೆ ಮತ್ತೆ ಅದೇ 80.

ಬೋರು ಸಾಲದು ಅಂತಾದರೆ ಟ್ಯಾಂಕರ್ ಲೆಕ್ಕ ಮೊದಲೇ ಹಾಕಿಡಿ. 6000 ಲೀಟರಿನ ಟ್ಯಾಂಕರ್ ಎಂಟು ಲೋಡ್ ತಂದರೂ 48,000 ಲೀಟರ್, ಒಂಬತ್ತನೇದು ಬೇಕೇ ಬೇಕು. ಏಪ್ರಿಲ್‌ನಲ್ಲಿ ಒಂದೇ ದಿನಕ್ಕೆ ಒಂಬತ್ತು ಲೋಡ್ ಕೊಡುವವರು ಯಾರು ಅನ್ನುವುದನ್ನು ಏಪ್ರಿಲ್‌ನಲ್ಲೇ ಹುಡುಕಲು ಹೋಗಬೇಡಿ. ಇಬ್ಬರ ಹತ್ತಿರವಾದರೂ ಮೊದಲೇ ಮಾತಾಡಿ ನಂಬರ್ ಗೋಡೆಗೆ ಅಂಟಿಸಿ.

ಯಾವ ನೀರು?

ಕಾವೇರಿ ಲೈನ್ ನೀರು ಸಿಗುವ ಹಾಗಿದ್ದರೆ ಅದೇ ಒಳ್ಳೆಯದು. ಶುದ್ಧೀಕರಿಸಿದ ನೀರು, ಉಪ್ಪು ಕಡಿಮೆ. ಆದರೆ ಮೈಸೂರಿನ ಕೆಲವು ಬಡಾವಣೆಗಳಲ್ಲಿ ವಾಣಿ ವಿಲಾಸ ವಾಟರ್ ವರ್ಕ್ಸ್‌ನ ನೀರು ದಿನ ಬಿಟ್ಟು ದಿನ ಬರುತ್ತದೆ, ಬಂದಾಗಲೂ ಫೋರ್ಸ್ ಇರುವುದಿಲ್ಲ. ಹಾಗಾಗಿ ಬಹಳ ಕಡೆ ಬೋರ್ ನೀರೇ ಗತಿ. ಬೋರ್ ನೀರು ಗಡಸಾಗಿದ್ದರೆ ಪೈಪಿನೊಳಗೆ, ವಾಲ್ವಿನ ಸೀಟಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಕಬ್ಬಿಣದ ಅಂಶ ಇದ್ದರೆ ಕೆಂಪು ಕೆಸರು. ಉಪ್ಪು ಜಾಸ್ತಿ ಇದ್ದರೆ ಪೈಪ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಸಾಮಾನ್ಯ ಸ್ಪ್ರಿಂಕ್ಲರ್ ಬಾಯಿ ಸುಮಾರು ಅರ್ಧ ಇಂಚು, ಒಂದು ಹಿಡಿ ತುಕ್ಕಿನ ಚಕ್ಕೆ ಸಾಕು ಅದನ್ನು ಮುಚ್ಚಲು. ವರ್ಷಕ್ಕೊಮ್ಮೆ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ನಿಮ್ಮ ಫೈರ್ ಸಿಸ್ಟಮ್ ಮೇಂಟೆನೆನ್ಸ್‌ನವರಿಗೆ ತೋರಿಸಿ.

ಟ್ಯಾಂಕರ್ ನೀರಾದರೆ ಪ್ರತಿ ಲೋಡಿಗೂ ಒಂದು ಸಣ್ಣ ಕೆಲಸ ಮಾಡಿ. ಹೋಸ್ ಟ್ಯಾಂಕಿಗೆ ಬಿಡುವ ಮುಂಚೆ ಒಂದು ಲೀಟರಿನ ಪಾರದರ್ಶಕ ಬಾಟಲಿಗೆ ಹಿಡಿದು ಹತ್ತು ನಿಮಿಷ ನೆರಳಿನಲ್ಲಿ ಇಡಿ. ತಳದಲ್ಲಿ ಮಣ್ಣು ಗೆರೆ ಕಟ್ಟಿ ಕೂತರೆ, ಎಣ್ಣೆಯ ಪದರ ಕಂಡರೆ, ವಾಸನೆ ಬಂದರೆ ಆ ಲೋಡ್ ವಾಪಸ್ ಕಳಿಸಿ. ಡ್ರೈವರ್ ಬೈದುಕೊಂಡರೆ ಬೈದುಕೊಳ್ಳಲಿ. ಕೆರೆ ನೀರು, ನಾಲೆ ನೀರು ಸೋಸದೆ ಬಿಡುವುದು ಬೇಡವೇ ಬೇಡ. ಎಲೆ ಚೂರು, ಕಡ್ಡಿ, ಸಣ್ಣ ಬಸವನ ಹುಳು ಎಲ್ಲ ಪಂಪಿನ ಸ್ಟ್ರೈನರಿನಲ್ಲಿ (ಕಸ ತಡೆಯುವ ಜಾಲರಿ) ಬಂದು ಕೂರುತ್ತವೆ. ಎಸ್‌ಟಿಪಿ ನೀರು (ಶುದ್ಧೀಕರಿಸಿದ ಕೊಳಚೆ ನೀರು) ಗಿಡಗಳಿಗೆ ಸರಿ, ಈ ಟ್ಯಾಂಕಿಗೆ ಬೇಡ. ಅದರಲ್ಲಿ ಉಳಿದಿರುವ ಪೋಷಕಾಂಶಗಳಿಂದ ಪೈಪಿನೊಳಗೆ ಬ್ಯಾಕ್ಟೀರಿಯಾ ಬೆಳೆದು, ಅವುಗಳಿಂದಲೇ ತುಕ್ಕು ಶುರುವಾಗಬಹುದು. ಮಳೆಗಾಲದ ಮೊದಲ ವಾರಗಳಲ್ಲಿ ನೀರು ಬಗ್ಗಡವಾಗಿ ಬಂದರೆ, ಅವಸರ ಇಲ್ಲದಿದ್ದಾಗ, ಬೇರೆ ಸಂಪಿನಲ್ಲಿ ಒಂದು ರಾತ್ರಿ ತಿಳಿಯಾಗಲು ಬಿಟ್ಟು ಆಮೇಲೆ ತಗೊಳ್ಳಿ.

ಖಾಲಿ ಮಾಡುವ ಮೊದಲು

ಸರಿಯಾಗಿ ಕಟ್ಟಿದ ಫೈರ್ ಟ್ಯಾಂಕಿಗೆ ನಡುವೆ ಗೋಡೆ ಇದ್ದು ಎರಡು ಭಾಗ ಇರುತ್ತದೆ. ತೊಳೆಯುವಾಗ ಒಂದು ಖಾಲಿ, ಇನ್ನೊಂದು ತುಂಬಿ. ಎರಡನ್ನೂ ಒಟ್ಟಿಗೆ ಖಾಲಿ ಮಾಡಿ ಒಂದೇ ದಿನಕ್ಕೆ ಕೆಲಸ ಮುಗಿಸೋಣ ಅಂತ ಕಂಟ್ರಾಕ್ಟರ್ ಹೇಳಿದರೆ ಒಪ್ಪಬೇಡಿ. ಅವರಿಗೆ ಎರಡು ಸಲ ಬರುವುದು ತಾಪತ್ರಯ, ನಿಮಗೆ ಒಂದು ಇಡೀ ರಾತ್ರಿ ರಕ್ಷಣೆ ಇಲ್ಲ.

ಒಂದೇ ಭಾಗದ ಟ್ಯಾಂಕ್ ಆಗಿದ್ದರೆ ದಿನ ಆರಿಸುವುದರಲ್ಲೇ ಜಾಣತನ ಬೇಕು. ದಸರಾ ಸಮಯದಲ್ಲಿ ಹೋಟೆಲುಗಳ ರೂಮೆಲ್ಲ ಭರ್ತಿ, ಆಗ ಬೇಡ. ಮಂಟಪಗಳಿಗೆ ಮದುವೆ ಸೀಸನ್ ಬೇಡ. ಕಡು ಬೇಸಿಗೆ ಯಾರಿಗೂ ಬೇಡ. ಆ ದಿನ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಕೆಲಸ ಎಲ್ಲ ನಿಲ್ಲಿಸಿ. ಪ್ರತಿ ಮಹಡಿಗೂ ಕೈಯಲ್ಲಿ ಹಿಡಿಯುವ ಎಕ್ಸ್‌ಟಿಂಗ್ವಿಷರ್ ಹೆಚ್ಚುವರಿಯಾಗಿ ಇಡಿ. ಸೆಕ್ಯುರಿಟಿಯವರನ್ನು ಗಂಟೆಗೊಂದು ಸುತ್ತು ಹಾಕಿಸಿ. ಹತ್ತಿರದ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ಇಂಥ ಕಟ್ಟಡದಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆ ತನಕ ಟ್ಯಾಂಕ್ ಖಾಲಿ ಇರುತ್ತದೆ ಅಂತ ತಿಳಿಸಿ. 24 ಗಂಟೆಯೊಳಗೆ 10 ಗಂಟೆಗಿಂತ ಜಾಸ್ತಿ ಸಿಸ್ಟಮ್ ಬಂದ್ ಆಗುವ ಹಾಗಿದ್ದರೆ ಕಾವಲು ಇಡುವುದು, ಆ ಭಾಗದಿಂದ ಜನರನ್ನು ಹೊರಗೆ ಕಳಿಸುವುದು, ಇಂಥ ಯಾವುದಾದರೂ ಕ್ರಮ ತಗೊಳ್ಳಬೇಕು ಅಂತ ಎನ್‌ಎಫ್‌ಪಿಎ 25 ಹೇಳುತ್ತದೆ. ನಮ್ಮಲ್ಲಿ ಕೇಳುವವರಿಲ್ಲ ಅಂತ ಬಿಡುವುದಲ್ಲ, ಆಸ್ಪತ್ರೆಗಂತೂ ಇದನ್ನು ಪಾಲಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಪಂಪ್ ಪ್ಯಾನಲ್‌ನಲ್ಲಿ ಖಾಲಿ ಟ್ಯಾಂಕಿಗೆ ಸೇರಿದ ಪಂಪುಗಳನ್ನು ಆಫ್ ಮಾಡಿ, ಪೈಪಿನ ಒತ್ತಡ ಕಾಯ್ದುಕೊಳ್ಳುವ ಸಣ್ಣ ಜಾಕಿ ಪಂಪ್ ಕೂಡ. ಮೇನ್ ಪಂಪ್ ಒತ್ತಡ ಬಿದ್ದ ತಕ್ಷಣ ತಾನಾಗಿ ಸ್ಟಾರ್ಟ್ ಆಗುತ್ತದೆ, ಆದರೆ ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ಬಂದು ನಿಲ್ಲಿಸಬೇಕು. ನೀರಿಲ್ಲದೆ ಓಡಿದರೆ ತಿರುಗುವ ಶಾಫ್ಟಿನ ಸುತ್ತ ನೀರು ತಡೆಯುವ ಗ್ಲ್ಯಾಂಡ್, ಸೀಲ್ ಎಲ್ಲ ಸುಟ್ಟು ಹೋಗುತ್ತದೆ. "ಟ್ಯಾಂಕ್ ಖಾಲಿ, ಪಂಪ್ ಹಾಕಬೇಡಿ" ಅಂತ ದೊಡ್ಡ ಅಕ್ಷರದ ಬೋರ್ಡ್ ತೂಗುಹಾಕಿ, ಹೆಸರು, ಟೈಮ್ ಬರೆಯಿರಿ.

ಒಳಗೆ ಇಳಿಯುವವರ ವಿಷಯ ಬಹಳ ಮುಖ್ಯ. ಮುಚ್ಚಿದ ಟ್ಯಾಂಕಿನೊಳಗೆ ಉಸಿರಾಡುವ ಗಾಳಿ ಕಡಿಮೆ ಇರಬಹುದು, ಕೊಳೆತ ಕೆಸರಿದ್ದರೆ ವಿಷಗಾಳಿಯೂ ಇರಬಹುದು. ವಾಸನೆ ಇಲ್ಲ ಅಂದ ಮಾತ್ರಕ್ಕೆ ಸೇಫ್ ಅಲ್ಲ. ಎಲ್ಲ ಮುಚ್ಚಳ ತೆಗೆದು, ಬ್ಲೋವರ್ ಇಟ್ಟು ಗಾಳಿ ಬಿಡಿ, ಗ್ಯಾಸ್ ಮೀಟರ್ ಇರುವವರಿಂದ ಅಳೆಸಿ. ಸೊಂಟಕ್ಕೆ ಬೆಲ್ಟ್, ಹಗ್ಗ, ಮೇಲೆ ಕಣ್ಣು ತೆಗೆಯದೆ ನಿಂತ ಒಬ್ಬರು ಇರಬೇಕು. ಒಳಗಿದ್ದವರು ಕುಸಿದರೆ ಮೇಲಿನವರು ಸಹಾಯಕ್ಕೆ ಇಳಿಯಬಾರದು, ಹಗ್ಗದಿಂದ ಎಳೆಯಬೇಕು, 112ಕ್ಕೆ ಫೋನ್ ಮಾಡಬೇಕು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋಗುವುದು ಇಂಥ ಜಾಗದಲ್ಲೇ. ಪೆಟ್ರೋಲ್, ಡೀಸೆಲ್ ಪಂಪ್ ಟ್ಯಾಂಕಿನೊಳಗೆ ಇಳಿಸಬೇಡಿ. ಜನ ಒಳಗಿರುವಾಗ ಕರೆಂಟಿನ ಸಬ್‌ಮರ್ಸಿಬಲ್ ಓಡಿಸಬೇಡಿ. ಬೆಳಕಿಗೆ ಬ್ಯಾಟರಿ ಟಾರ್ಚ್ ಸಾಕು.

ತುಂಬಿಸುವಾಗ

ಕೆಳಗಿನ ಡ್ರೈನ್ ವಾಲ್ವ್ ಮುಚ್ಚಿದೆಯಾ ನೋಡಿ. ಇದನ್ನು ಹೇಳಬೇಕಾ ಅನ್ನಬೇಡಿ, ಒಂದು ಗಂಟೆ ನೀರು ಬಿಟ್ಟ ಮೇಲೂ ಮಟ್ಟ ಏರದಿದ್ದರೆ ಎಷ್ಟೋ ಸಲ ಕಾರಣ ಇದೇ. ಸಕ್ಷನ್ (ಪಂಪ್ ನೀರು ಎಳೆಯುವ ಪೈಪಿನ) ಸ್ಟ್ರೈನರ್ ಬಿಚ್ಚಿ ತೊಳೆದು ಹಾಕಿ. ಒಳಗೆ ಬ್ರಷ್ಷು, ಬಟ್ಟೆ, ಸಿಮೆಂಟ್ ಚೀಲ ಏನೂ ಬಿಟ್ಟಿಲ್ಲ ಅಂತ ಖುದ್ದಾಗಿ ನೋಡಿ.

ನೀರು ಬೀಳುವ ಪೈಪಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಮೇಲಿರಬೇಕು, ನಡುವೆ ಖಾಲಿ ಜಾಗ ಇರಬೇಕು. ಪೈಪ್ ನೀರಿನೊಳಗೆ ಮುಳುಗಿದ್ದರೆ, ಊರ ಲೈನಿನಲ್ಲಿ ಒತ್ತಡ ಬಿದ್ದಾಗ ತಿಂಗಳುಗಟ್ಟಲೆ ನಿಂತ ಫೈರ್ ಟ್ಯಾಂಕಿನ ನೀರು ಹಿಂದಕ್ಕೆ ಎಳೆದುಕೊಂಡು ಕುಡಿಯುವ ನೀರಿಗೆ ಸೇರುತ್ತದೆ. ಟ್ಯಾಂಕರ್ ಹೋಸಿಗೂ ಇದೇ ನಿಯಮ, ಬಾಯಿಯನ್ನು ಮ್ಯಾನ್‌ಹೋಲ್ ಅಂಚಿಗೆ ಕಟ್ಟಿ ನಿಲ್ಲಿಸಿ. ಪಂಪ್ ನೀರು ಎಳೆಯುವ ಕಡೆಗೆ ನೀರು ಬೀಳಿಸಬೇಡಿ. ಮೇಲಿಂದ ಬೀಳುವ ನೀರು ಗುಳ್ಳೆ ಎಬ್ಬಿಸುತ್ತದೆ, ತಳದ ಕೆಸರನ್ನೂ ಕಲಕುತ್ತದೆ, ಅವೆರಡೂ ನೇರ ಪಂಪಿಗೆ ಹೋಗುತ್ತವೆ. ಆಚೆ ತುದಿಯ ಮ್ಯಾನ್‌ಹೋಲಿನಿಂದ ತುಂಬಿಸಿ.

ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಯೋಚನೆ ಮಾಡಬೇಕಾದ ವಿಷಯ. 6000 ಲೀಟರ್ ನೀರೇ 6 ಟನ್, ಅದರ ಮೇಲೆ ಗಾಡಿ ತೂಕ. ಫೈರ್ ಗಾಡಿ ಓಡಾಡುವ ಜಾಗದ ಟ್ಯಾಂಕ್ ಸ್ಲ್ಯಾಬ್ 45 ಟನ್ ತಡೆಯುವಂತೆ ಇರಬೇಕು ಅಂತ ಕಟ್ಟಡ ಸಂಹಿತೆ ಹೇಳುತ್ತದೆ, ಆದರೆ ಹಳೇ ಕಟ್ಟಡದಲ್ಲಿ ನಿಮ್ಮ ಸ್ಲ್ಯಾಬ್ ಹಾಗಿದೆ ಅಂತ ಇಂಜಿನಿಯರ್ ಹೇಳದ ಹೊರತು ಅದರ ಮೇಲೆ ಗಾಡಿ ಹತ್ತಿಸಬೇಡಿ, ಪಕ್ಕದಲ್ಲಿ ನಿಲ್ಲಿಸಿ ಉದ್ದ ಹೋಸ್ ಹಾಕಿಸಿ.

ಇನ್ನೊಂದು ವಿಷಯ. ಗೇಟಿನ ಹತ್ತಿರ ಕೆಂಪು ಪೆಟ್ಟಿಗೆಯಲ್ಲಿ 63 ಮಿಲಿಮೀಟರಿನ ಬಾಯಿಗಳಿರುತ್ತವೆ. ಒಂದು ಗುಂಪು ಟ್ಯಾಂಕಿಗೆ ನೀರು ಬಿಡಲು, ಇನ್ನೊಂದು ಮಹಡಿಗಳಿಗೆ ನೀರು ಏರಿಸುವ ರೈಸರ್ ಪೈಪಿಗೆ ನೇರ ನೀರು ನೂಕಲು. ನೋಡಲು ಎರಡೂ ಒಂದೇ ಥರ. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಗಾಡಿಯಿಂದ ಇಳಿದ ಕೂಡಲೇ ಯಾವುದು ಯಾವುದು ಅಂತ ಗೊತ್ತಾಗಬೇಕು. "ಟ್ಯಾಂಕಿಗೆ", "ರೈಸರಿಗೆ" ಅಂತ ಕನ್ನಡದಲ್ಲಿ ದಪ್ಪಗೆ ಬರೆಸಿ. ಆ ಪೆಟ್ಟಿಗೆ ಮುಂದೆ ಬೈಕ್ ನಿಲ್ಲಿಸಲು ಬಿಡಬೇಡಿ.

ತುಂಬುತ್ತಾ ಇರುವಾಗ ಗಂಟೆಗೊಂದು ಸಲ ಕೋಲು ಇಳಿಸಿ ಬರೆದುಕೊಳ್ಳಿ. ಏರುವ ವೇಗ ಇದ್ದಕ್ಕಿದ್ದಂತೆ ಕಮ್ಮಿಯಾದರೆ ಬೋರು ಸೋತಿದೆ, ಇಲ್ಲವೇ ಎಲ್ಲೋ ನೀರು ಹೊರಗೆ ಹೋಗುತ್ತಿದೆ. ಕೊನೆಗೆ ಬಾಲ್ ವಾಲ್ವ್ ಸರಿಯಾಗಿ ಮುಚ್ಚುತ್ತದಾ ನೋಡಿ. ಬಹಳ ದಿನ ಒಂದೇ ಜಾಗದಲ್ಲಿ ನಿಂತ ಬಾಲಿನ ಹಿತ್ತಾಳೆ ತೋಳು ಜಂಟಿಯಲ್ಲಿ ಹಸಿರು ಕಿಲುಬು ಹಿಡಿದು ಬಿಗಿಯಾಗಿರುತ್ತದೆ. ಕೈಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಕಟಕ್ ಅಂತ ಬಿಡಿಸಿಕೊಂಡು ಮೇಲೇಳಬೇಕು, ಏಳದಿದ್ದರೆ ಬದಲಾಯಿಸಿ. ಬಾಲಿನೊಳಗೆ ನೀರು ಸೇರಿಕೊಂಡಿದ್ದರೆ ಅದು ತೇಲುವುದೇ ಇಲ್ಲ, ಅಲ್ಲಾಡಿಸಿದರೆ ಸದ್ದು ಕೇಳುತ್ತದೆ. ಓವರ್‌ಫ್ಲೋ ಕಣ್ಣಿಗೆ ಕಾಣುವ ಕಡೆ ಬೀಳಬೇಕು. ಚರಂಡಿಯೊಳಗೆ ಮುಚ್ಚಿದ ಪೈಪಿನಲ್ಲಿ ಹೋದರೆ ವಾರಗಟ್ಟಲೆ ನೀರು ಪೋಲಾಗುತ್ತಿದ್ದರೂ ಗೊತ್ತಾಗುವುದಿಲ್ಲ.

ತುಂಬಿದ ಮೇಲೆ ಒಂದು ಗೆರೆ ಹಾಕಿ, ಎಲ್ಲ ವಾಲ್ವ್ ಮುಚ್ಚಿ ರಾತ್ರಿ ಬಿಟ್ಟು ಬೆಳಗ್ಗೆ ಅಳೆಯಿರಿ. ಒಂದು ಸೆಂಟಿಮೀಟರ್ ಇಳಿದರೂ ನಮ್ಮ ಲೆಕ್ಕದ ಟ್ಯಾಂಕಿನಲ್ಲಿ 200 ಲೀಟರ್ ಸೋರಿದೆ. ಆದರೆ ಇದನ್ನು ಒಂದು ಭಾಗ ತುಂಬಿ ಪಂಪ್ ಆಟೋದಲ್ಲಿ ಇರುವಾಗ ಇನ್ನೊಂದು ಭಾಗಕ್ಕೆ ಮಾತ್ರ ಮಾಡಿ. ಒಂದೇ ಟ್ಯಾಂಕ್ ಇರುವವರು ಸಿಸ್ಟಮ್ ಚಾಲೂ ಮಾಡಿಯೇ ಅಳತೆ ತಗೊಳ್ಳಿ.

ಪಂಪ್ ವಾಪಸ್ ಆಟೋಗೆ

ಟ್ಯಾಂಕ್ ತುಂಬಿದ ಖುಷಿಯಲ್ಲಿ ಎಲ್ಲರೂ ಮನೆಗೆ ಹೋಗಿಬಿಡುವುದು ಇಲ್ಲೇ, ಅಪಾಯ ಇರುವುದೂ ಇಲ್ಲೇ. ಸಕ್ಷನ್ ವಾಲ್ವ್ ಪೂರ್ತಿ ತೆರೆಯಿರಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪಂಪಿನ ಮೇಲಿನ ಸಣ್ಣ ಕಾಕ್ ತೆರೆದು ಗಾಳಿ ಪೂರ್ತಿ ಹೋಗಿ ನೀರು ಒಂದೇ ಧಾರೆಯಾಗಿ ಬರುವ ತನಕ ಬಿಡಿ. ಪಂಪ್ ಮೇಲಿದ್ದು ಟ್ಯಾಂಕ್ ಕೆಳಗಿದ್ದರೆ ಪ್ರೈಮಿಂಗ್ ಟ್ಯಾಂಕಿನಿಂದ (ಪಂಪ್ ಓಡುವ ಮೊದಲು ನೀರು ತುಂಬಿಸುವ ಸಣ್ಣ ಟ್ಯಾಂಕ್) ಪೈಪ್ ತುಂಬಿಸಿ, ಆ ನೀರು ಇಳಿಯುತ್ತಾ ಇದ್ದರೆ ಪೈಪಿನ ಬುಡದ ಫುಟ್ ವಾಲ್ವ್ ಸೋರುತ್ತಿದೆ ಅಂತ ಅರ್ಥ, ಕಸ ಸಿಕ್ಕಿರಬಹುದು. ಮೊದಲು ಜಾಕಿ ಹಾಕಿ ಒತ್ತಡ ಏರಿಸಿ. ಆಮೇಲೆ ಮೇನ್ ಪಂಪನ್ನು ಟೆಸ್ಟ್ ಲೈನಿನಲ್ಲಿ, ನೀರು ಟ್ಯಾಂಕಿಗೇ ವಾಪಸ್ ಬರುವಂತೆ, ಕೆಲವು ನಿಮಿಷ ಓಡಿಸಿ. ಸದ್ದು ಒಂದೇ ಸಮ ಇರಬೇಕು. ಜಲ್ಲಿಕಲ್ಲು ಉರುಳಿದ ಹಾಗೆ ಕರಕರ ಅಂದರೆ ಗಾಳಿ ಎಳೆಯುತ್ತಿದೆ ಅಥವಾ ಸ್ಟ್ರೈನರ್ ಕಟ್ಟಿದೆ, ತಕ್ಷಣ ನಿಲ್ಲಿಸಿ. ಗ್ಲ್ಯಾಂಡ್ ಪ್ಯಾಕಿಂಗ್ ಇರುವ ಪಂಪಿನಲ್ಲಿ ನೀರು ಹನಿಹನಿಯಾಗಿ ತೊಟ್ಟಿಕ್ಕಬೇಕು, ಅದು ಸೋರಿಕೆ ಅಂತ ಬಿಗಿ ಮಾಡಿ ನಿಲ್ಲಿಸಬೇಡಿ, ಆ ನೀರೇ ಅದನ್ನು ತಂಪಾಗಿ ಇಡುವುದು.

ಟೆಸ್ಟ್ ವಾಲ್ವ್ ಮುಚ್ಚಿ. ಮೇನ್ ವಾಲ್ವ್ ತೆರೆದು ಚೈನ್ ಹಾಕಿ ಬೀಗ ಹಾಕಿ. ಜಾಕಿ, ಮೇನ್, ಡೀಸೆಲ್ ಮೂರೂ ಸ್ವಿಚ್ ಆಟೋದಲ್ಲಿ ಇದೆಯಾ ಅಂತ ಬೆರಳಿಟ್ಟು ನೋಡಿ. ಡೀಸೆಲ್ ಪಂಪಿನ ಬ್ಯಾಟರಿ, ಡೀಸೆಲ್ ಮಟ್ಟ ನೋಡಿ. "ಟ್ಯಾಂಕ್ ಖಾಲಿ" ಬೋರ್ಡ್ ತೆಗೆಯಿರಿ. ಠಾಣೆಗೆ ಮತ್ತೆ ಫೋನ್ ಮಾಡಿ ಸಿಸ್ಟಮ್ ಸರಿಯಾಗಿದೆ ಅಂತ ತಿಳಿಸಿ. ಬೆಂಕಿಗೆ ಸ್ಪ್ರಿಂಕ್ಲರ್ ನಿಜವಾಗಿ ಒಡೆದು ಟ್ಯಾಂಕ್ ಖಾಲಿಯಾಗಿದ್ದರೆ, ಒಡೆದ ಹೆಡ್ ಬದಲಾಯಿಸದೆ ಪೈಪಿಗೆ ಒತ್ತಡ ಕೊಡಬೇಡಿ, ಬದಲಿಗೆ ಹಾಕುವ ಹೆಡ್ಡೂ ಅದೇ ಡಿಗ್ರಿಯದು ಇರಲಿ. ಕೆಂಪು ಬಲ್ಬ್ 68 ಡಿಗ್ರಿ, ಹಸಿರು 93. ಅಡುಗೆ ಮನೆಯಂಥ ಬಿಸಿ ಜಾಗದಲ್ಲಿದ್ದ ಹಸಿರು ತೆಗೆದು ಕೈಗೆ ಸಿಕ್ಕ ಕೆಂಪು ಹಾಕಿದರೆ ಬೆಂಕಿ ಇಲ್ಲದೆಯೇ ಒಡೆಯಬಹುದು.

"ಆ ನೀರು ಸುಮ್ನೆ ನಿಂತಿದೆ ಅಲ್ವಾ?"

ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ. 2024ರ ಬರದ ಬೇಸಿಗೆಯಲ್ಲಂತೂ ಎಲ್ಲ ಕಡೆ ಇದೇ ಮಾತು. ಕುಡಿಯಲು ನೀರಿಲ್ಲದಿರುವಾಗ ಸಾವಿರಾರು ಲೀಟರ್ ನೆಲದಡಿ ಇಟ್ಟುಕೊಂಡು ಕೂತಿದ್ದೀರಲ್ಲ ಅಂತ ನಿವಾಸಿಗಳು ಕೇಳಿದರೆ ಅವರ ಕಷ್ಟ ನಿಜವೇ, ಸಿಟ್ಟು ಮಾಡಿಕೊಳ್ಳಬೇಡಿ. ಆದರೆ ಒಂದು ಬಕೆಟ್ ಕೂಡ ತೆಗೆಯಲು ಒಪ್ಪಬೇಡಿ. ನೀರಿನ ಅಭಾವ ಇರುವ ಒಣ ಬೇಸಿಗೆಯಲ್ಲೇ ಬೆಂಕಿ ಜಾಸ್ತಿ, ಆಗಲೇ ಮತ್ತೆ ತುಂಬಿಸಲು ನೀರು ಸಿಗುವುದೂ ಕಷ್ಟ. ಒಂದು ದಿನ ಕಾರು ತೊಳೆಯಲು ಹೋಸ್ ಹಾಕಿದವರು ಎರಡನೇ ದಿನ ಕೇಳದೆಯೇ ಹಾಕುತ್ತಾರೆ. ತೋಟಕ್ಕೆ ಅಂತ ಫೈರ್ ಲೈನಿಗೆ ಯಾರಾದರೂ ನಲ್ಲಿ ಕೂಡಿಸಿದ್ದರೆ ಅವತ್ತೇ ಕತ್ತರಿಸಿ ಪೈಪಿನ ಬಾಯಿಗೆ ಡಮ್ಮಿ (ಮುಚ್ಚುವ ಕ್ಯಾಪ್) ಹಾಕಿಸಿ.

ಇದಕ್ಕೆ ಶಾಶ್ವತ ಪರಿಹಾರ ಕಟ್ಟಡ ಸಂಹಿತೆಯಲ್ಲೇ ಇದೆ. ಬರುವ ನೀರು ಮೊದಲು ಫೈರ್ ಟ್ಯಾಂಕಿಗೆ ಬೀಳಬೇಕು. ಅದು ತುಂಬಿ ಉಕ್ಕಿದ ನೀರು ಮಾತ್ರ ಮನೆಬಳಕೆಯ ಸಂಪಿಗೆ ಹೋಗಬೇಕು. ಆಗ ಫೈರ್ ಟ್ಯಾಂಕಿನ ನೀರು ದಿನವೂ ಬದಲಾಗುತ್ತಾ ಇರುತ್ತದೆ, ಹಳಸುವುದಿಲ್ಲ, ಮಟ್ಟವೂ ಒಂದಿಂಚು ಇಳಿಯುವುದಿಲ್ಲ. ಮನೆಬಳಕೆ ಸಂಪು ಖಾಲಿಯಾದರೆ ತಕ್ಷಣ ಗಲಾಟೆ ಆಗುತ್ತದೆ, ಫೈರ್ ಟ್ಯಾಂಕ್ ಖಾಲಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಈ ಕ್ರಮ. ಹಳೇ ಕಟ್ಟಡದಲ್ಲಿ ಎರಡು ಟ್ಯಾಂಕ್ ಅಕ್ಕಪಕ್ಕ ಇದ್ದರೆ ಪೈಪ್ ಬದಲಿಸಿ ಹೀಗೆ ಮಾಡಿಸುವುದು ಬಹಳ ದೊಡ್ಡ ಕೆಲಸವೇನಲ್ಲ, ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಬೇರೆಲ್ಲ ಖರ್ಚಿಗಿಂತ ಮೊದಲು ಇದನ್ನು ಇಡಿ. ಈ ವ್ಯವಸ್ಥೆಯಲ್ಲಿ ಮನೆಗಳಿಗೆ ಹೋಗುವುದು ಇದೇ ನೀರಾದ್ದರಿಂದ ಟ್ಯಾಂಕಿಗೆ ಏನು ಬೀಳುತ್ತದೆ ಅನ್ನುವುದರ ಮೇಲೆ ಇನ್ನೂ ಹೆಚ್ಚು ಗಮನ ಬೇಕು.

ಟೆರೇಸ್ ಟ್ಯಾಂಕ್ ಮರೆಯಬೇಡಿ. ಕೆಳಗಿನದನ್ನು ತುಂಬಿಸಿ ಮೇಲಿನದನ್ನು ಹಾಗೇ ಬಿಟ್ಟಿರುವುದು ಎಷ್ಟೋ ಕಡೆ ಇದೆ. ಅಲ್ಲಿ ಬಿಸಿಲಿಗೆ ಮುಚ್ಚಳ ಸೊಟ್ಟಗಾಗಿ ಬೆಳಕು ಬಿದ್ದು ಪಾಚಿ ಬೆಳೆಯುತ್ತದೆ. ಮೇಲೂ ಕೆಳಗೂ ಗಾಳಿ ಪೈಪ್, ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಡೆಂಗಿ ಸೊಳ್ಳೆ ಹೆಚ್ಚಾಗಿ ನಿಂತ ಶುದ್ಧ ನೀರಿನಲ್ಲಿ ಮೊಟ್ಟೆ ಇಡುವುದು. ಸೊಳ್ಳೆ, ಪಾಚಿ ಅಂತ ಹಿಡಿಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ, ಕ್ಲೋರಿನ್ ಜಾಸ್ತಿಯಾದರೆ ಪೈಪ್, ವಾಲ್ವ್ ತಿನ್ನುತ್ತದೆ.

ಕೊನೆಯದಾಗಿ ರಿಜಿಸ್ಟರ್. ತಾರೀಖು, ತುಂಬಿಸುವ ಮೊದಲು ಎಷ್ಟು ಸೆಂಟಿಮೀಟರ್, ಆಮೇಲೆ ಎಷ್ಟು, ನೀರು ಎಲ್ಲಿಂದ, ಯಾವ ವಾಲ್ವ್ ಯಾರು ಮುಚ್ಚಿದರು, ಯಾರು ತೆರೆದರು, ಪಂಪ್ ಆಟೋಗೆ ಹಾಕಿದ ಟೈಮ್, ಸಹಿ. ಮುಚ್ಚಿದವರ ಸಹಿಯೂ ತೆರೆದವರ ಸಹಿಯೂ ಒಂದೇ ಸಾಲಿನಲ್ಲಿ ಇರುವಂತೆ ಗೆರೆ ಹಾಕಿಸಿ. ಶಿಫ್ಟ್ ಬದಲಾಗುವಾಗ ಹೊಸದಾಗಿ ಬಂದವರು ಆ ಸಾಲಿನಲ್ಲಿ ಎರಡನೇ ಸಹಿ ಇಲ್ಲದಿದ್ದರೆ ಮೊದಲು ಪಂಪ್ ರೂಮಿಗೆ ಹೋಗಬೇಕು, ಟೀ ಆಮೇಲೆ.